ಸಣ್ಣ ವ್ಯಾಪಾರಕ್ಕೆ ಸಲಹೆ: ಬೆಂಗಳೂರಿನ ಕೋಚ್, ಮಂಡಿ ಸಾಹುಕಾರರು, ಆರ್‌ಸೆಟಿ – ಯಾರು ಯಾವುದಕ್ಕೆ?

ತೀರ್ಥಹಳ್ಳಿ ಸೀಮೆಯಲ್ಲಿ ಅಡಿಕೆ ಹಾಳೆ ತಟ್ಟೆ ಮಾಡುವ ಸಣ್ಣ ಘಟಕ ನನ್ನದು. ಮನೆ ಪಕ್ಕದ ಶೆಡ್ಡು, ಬಿಸಿ ಅಚ್ಚಿನ ಮೆಷಿನ್, ಇಬ್ಬರು ಕೆಲಸದವರು. ಹಾಳೆ ಕೊಳ್ಳುವುದು, ಲೆಕ್ಕ ಬರೆಯುವುದು, ಬಾಕಿ ಕೇಳಿ ಫೋನ್ ಮಾಡುವುದು ಎಲ್ಲ ನನ್ನ ತಲೆ ಮೇಲೆ. ಇಂಥ ವ್ಯಾಪಾರದಲ್ಲಿ ಒಂದು ತೀರ್ಮಾನ ತೆಗೆದುಕೊಳ್ಳಬೇಕಾದರೆ ಯಾರನ್ನು ಕೇಳುವುದು? ಮನೆಯವರನ್ನು ಕೇಳಿದರೆ ಅವರಿಗೆ ಗಾಬರಿ. ಕೆಲಸದವರನ್ನು ಕೇಳಿದರೆ ಈ ತಿಂಗಳ ಸಂಬಳ ಬರುತ್ತದೋ ಇಲ್ಲವೋ ಅಂತ ಅವರಿಗೆ ಅನುಮಾನ. ಮೆಷಿನ್ ಮಾರಿದವರನ್ನು ಕೇಳಿದರೆ ಇನ್ನೊಂದು ಮೆಷಿನ್ ಹಾಕಿ ಅನ್ನುತ್ತಾರೆ.

ಈಚಿನ ವರ್ಷಗಳಲ್ಲಿ ಮೂರು ಥರದ ಸಲಹೆಗಾರರ ಹತ್ತಿರ ಓಡಾಡಿದ್ದೇನೆ. ದುಡ್ಡು ಕೊಟ್ಟು ಹಿಡಿದ ಬೆಂಗಳೂರಿನ ಬಿಸಿನೆಸ್ ಕೋಚ್ ಒಬ್ಬರು. ಅಂಗಡಿ ಮಗನಿಗೆ ಒಪ್ಪಿಸಿ ಆರಾಮಾಗಿರುವ ಅಡಿಕೆ ಮಂಡಿಯ ಹಿರಿಯ ಸಾಹುಕಾರರೊಬ್ಬರು. ಆಮೇಲೆ ಆರ್‌ಸೆಟಿ, ಅಂದರೆ ಬ್ಯಾಂಕ್ ಮತ್ತು ಸರ್ಕಾರ ಸೇರಿ ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ, ಅದರ ಕಡೆಯ ಉಚಿತ ಮಾರ್ಗದರ್ಶನ. ತಟ್ಟೆ ಮಾಡುವವರ ವಾಟ್ಸಾಪ್ ಗುಂಪಂತೂ ಇದ್ದೇ ಇದೆ.

ಕೋಚ್ ವಿಚಾರ ಮೊದಲು. ಆರು ತಿಂಗಳ ಪ್ಯಾಕೇಜಿಗೆ 30,000 ರೂಪಾಯಿ, ವಾರಕ್ಕೊಂದು ವಿಡಿಯೊ ಕಾಲ್. ಶುರುವಿನಲ್ಲೇ ಅವರು ಮಾಡಿಸಿದ ಕೆಲಸ ಒಂದು ತಟ್ಟೆಯ ಅಸಲು ಖರ್ಚಿನ ಪಟ್ಟಿ. ಹಾಳೆ, ಕರೆಂಟು, ಕೂಲಿ, ಒತ್ತುವಾಗ ಸೀಳಿ ಹೋಗುವ ತಟ್ಟೆ, ಕವರು, ಲಾರಿ ಬಾಡಿಗೆ ಎಲ್ಲ ಬರೆದು ಕಳಿಸಿದೆ. ನೋಡಿದವರು ಒಂದೇ ಮಾತು ಕೇಳಿದರು: “ಇದರಲ್ಲಿ ನಿಮ್ಮ ಸಂಬಳ ಎಲ್ಲಿ?” ಅದನ್ನೂ ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ದೊಡ್ಡ ಊಟದ ತಟ್ಟೆಯಲ್ಲಿ ಉಳಿಯುವುದು ಬಹಳ ಕಮ್ಮಿ ಅಂತ ಗೊತ್ತಾಯಿತು. ಹಾಳೆಯ ಉಳಿದ ತುಂಡಿನಲ್ಲಿ ಒತ್ತುವ ಚಿಕ್ಕ ಬಟ್ಟಲಿನಲ್ಲೇ ಲಾಭ ಜಾಸ್ತಿ. ಈ ಒಂದು ಪಟ್ಟಿಯ ಲೆಕ್ಕಕ್ಕೇ ಅವರ ಅರ್ಧ ಫೀಸು ವಸೂಲಾಯಿತು ಅನ್ನಬಹುದು.

ಉಳಿದರ್ಧದ ಬಗ್ಗೆ ಹಾಗೆ ಹೇಳಲಾರೆ. ನಮ್ಮ ಕೆಲಸ ನಡೆಯುವುದು ಬೇಸಿಗೆಯ ಮೇಲೆ. ಜನವರಿಯಿಂದ ಮೇ ತನಕ ತೋಟದಲ್ಲಿ ಬಿದ್ದ ಹಾಳೆ ಆರಿಸಿ, ಒಣಗಿಸಿ, ಮಳೆಗೆ ಮುಂಚೆ ಮಾಡಿನಡಿ ಸೇರಿಸಬೇಕು. ಜೂನ್ ಬಂತೆಂದರೆ ಗಾಳಿಯಲ್ಲೇ ನೀರು. ಒತ್ತಿಟ್ಟ ತಟ್ಟೆಗೂ ಬೂಷ್ಟು ಹಿಡಿಯುತ್ತದೆ, ಕರೆಂಟು ಯಾವಾಗ ಹೋಗುತ್ತದೆ ಹೇಳೋಕಾಗಲ್ಲ. ಕೋಚ್ ಕೊಟ್ಟ ಗುರಿ ಏನು ಗೊತ್ತಾ? ಜುಲೈನಲ್ಲಿ ಮಾರಾಟ ದುಪ್ಪಟ್ಟು. ಹಾಳೆಯೇ ಇಲ್ಲ ಸ್ವಾಮಿ ಅಂದರೆ, ಅದು ‘ಮೈಂಡ್‌ಸೆಟ್’ ಅಂದರು. ಆಮೇಲಿನ ಕಾಲ್‌ಗಳಲ್ಲೆಲ್ಲ ಇನ್‌ಸ್ಟಾಗ್ರಾಂ ರೀಲ್ಸು, ಎಕ್ಸ್‌ಪೋರ್ಟ್ ಕನಸು, ಕೊನೆಗೆ ಮುಂದಿನ ಪ್ಯಾಕೇಜಿನ ಮಾತು.

ಅವರನ್ನು ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ. ಆಗುಂಬೆ ಹತ್ತಿರ ಹೋಂಸ್ಟೇ ನಡೆಸುವ ಗೆಳೆಯನಿಗೆ ಇದೇ ಕೋಚ್ ಒಳ್ಳೆ ಕೆಲಸಕ್ಕೆ ಬಂದರು. ಅವನ ಗಿರಾಕಿ ಬರುವುದೇ ಫೋನ್ ಪರದೆ ಮೇಲಿಂದ. ನನ್ನ ಗಿರಾಕಿ ಕೇಟರಿಂಗ್‌ನವರು, ಅವರು ರೀಲ್ಸ್ ನೋಡಿ ಲೋಡು ತರಿಸುವುದಿಲ್ಲ.

ಸಾಹುಕಾರರು ಬೇರೆಯೇ ಥರದ ಗುರು. ಮಲೆನಾಡಿನಲ್ಲಿ 1939ರಲ್ಲಿ ಮಾಮ್ಕೋಸ್ ಎಂಬ ಸಹಕಾರ ಸಂಘ ಹುಟ್ಟಿದ್ದೇ ಅಡಿಕೆ ಬೆಳೆಗಾರರು ಮಂಡಿ ಮಧ್ಯವರ್ತಿಗಳ ಹಿಡಿತದಿಂದ ತಪ್ಪಿಸಿಕೊಳ್ಳಲಿ ಅಂತ. ಬೆಳೆಗಾರರ ಮನೆಯಲ್ಲಿ ಹುಟ್ಟಿದ ನಾನು ಈಗ ಮಂಡಿಯವರ ಹತ್ತಿರವೇ ಬುದ್ಧಿ ಕೇಳುತ್ತಿದ್ದೇನೆ ಅಂದರೆ ನಮ್ಮಜ್ಜ ನಗುತ್ತಿದ್ದರೋ ಬೈಯುತ್ತಿದ್ದರೋ. ಸಾಹುಕಾರರು ಜೀವನದಲ್ಲಿ ಒಂದು ತಟ್ಟೆ ಒತ್ತಿದವರಲ್ಲ. ಹಾಳೆ ಟೋಪಿ ಹೊರತು ಹಾಳೆಗೆ ಬೇರೆ ಉಪಯೋಗ ಇದೆ ಅಂತ ಅವರಿಗೆ ನಂಬಿಸಲು ನನಗೆ ಸ್ವಲ್ಪ ದಿನ ಬೇಕಾಯಿತು. ಆದರೆ ಹೋದ ಕೂಡಲೇ ಕೇಳುವುದು ಒಂದೇ: “ಎಂತ ಮಾರಾಯ, ಖಾತೆ ಪುಸ್ತಕ ತಂದಿದೀಯಾ?” ಮಾರಾಟದ ಪುಟ ನೋಡುವುದೇ ಇಲ್ಲ. ಸೀದಾ ಬಾಕಿ ಪುಟಕ್ಕೆ ಹೋಗಿ, ಪ್ರತಿ ಹೆಸರಿನ ಮೇಲೆ ಬೆರಳಿಟ್ಟು, ಇವ ಯಾರು, ಕಡೇ ಸಲ ಯಾವಾಗ ಕೊಟ್ಟ, ಇನ್ಯಾರಿಗೆ ಬಾಕಿ ಇಟ್ಟಿದ್ದಾನೆ ಅಂತ ವಿಚಾರಿಸುತ್ತಾರೆ. ಮುಂದಿನ ಸಲ ಹೋದಾಗ ಅದೇ ಹೆಸರುಗಳು ಅವರಿಗೆ ನೆನಪಿರುತ್ತವೆ. ಅದಕ್ಕೇ ಹೋಗುವ ಮುಂಚೆ ನಾನು ಒಂದೆರಡು ಬಾಕಿಯಾದರೂ ವಸೂಲು ಮಾಡಿಕೊಂಡೇ ಹೋಗುವುದು.

ಈ ಮೂವರ ವ್ಯತ್ಯಾಸ ಸರಿಯಾಗಿ ಕಂಡಿದ್ದು ಒಂದು ಬಾಕಿ ವಿಚಾರದಲ್ಲಿ. ಬೆಂಗಳೂರಿನ ಕೇಟರಿಂಗ್‌ನವರೊಬ್ಬರು ಮದುವೆ ಸೀಸನ್ನಿಗೆ ಲೋಡುಗಟ್ಟಲೆ ತರಿಸಿಕೊಂಡು ದುಡ್ಡು ಕೊಡದೆ ಎಳೆದರು. ಅದನ್ನು ಮೂವರ ಮುಂದೂ ಇಟ್ಟೆ.

ಕೋಚ್ ಹೇಳಿದ್ದು: ಗಟ್ಟಿ ಭಾಷೆಯ ಇಮೇಲ್ ಕಳಿಸಿ, ಇನ್ನು ಮೇಲೆ ಎಲ್ಲರಿಗೂ ಅರ್ಧ ಮುಂಗಡದ ನಿಯಮ ಮಾಡಿ.

ಸರ್ಕಾರದ ಕಡೆಯ ಮಾರ್ಗದರ್ಶಕರು ಕಾನೂನು ಬಿಡಿಸಿ ಹೇಳಿದರು. 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆ ಪ್ರಕಾರ ನಮ್ಮಂಥ ಘಟಕದಿಂದ ಮಾಲು ತಗೊಂಡವರು ಬರಹದ ಒಪ್ಪಂದ ಇದ್ದರೂ 45 ದಿನ ದಾಟಿಸುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ‘ಬ್ಯಾಂಕ್ ದರ’ದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿಕೊಡುವ ‘ಉದ್ಯಮ್’ ನೋಂದಣಿ ಇದ್ದರೆ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ನೋಂದಣಿ ಪೂರ್ತಿ ಉಚಿತ. ಅದಕ್ಕೂ ದುಡ್ಡು ಕೀಳುವ ಏಜೆಂಟರಿದ್ದಾರೆ, ಹುಷಾರು.

ಸಾಹುಕಾರರು ಕಾನೂನಿನ ಮಾತನ್ನೂ ಪೂರ್ತಿ ಕೇಳಿಸಿಕೊಂಡರು. “ದೂರು ಕೊಟ್ರೆ ದುಡ್ಡು ಬರಬಹುದು, ಗಿರಾಕಿ ಬರಲ್ಲ. ಅವನಿಗೆ ಮುಂದಿನ ಮುಹೂರ್ತ ಯಾವಾಗ?” ಅಂದರು. ಅವರ ದಾರಿ ಹೀಗಿತ್ತು. ಮದುವೆ ದಿನಗಳು ಶುರುವಾಗುವ ಮುಂಚೆ ಬೆಂಗಳೂರಿಗೆ ಹೋಗಿ ಎದುರು ಕೂತು ಮಾತಾಡುವುದು. ಹೊಸ ಲೋಡಿಗೆ ಪೂರ್ತಿ ನಗದು. ಪ್ರತಿ ಲೋಡಿನ ಜೊತೆ ಹಳೇ ಬಾಕಿಯಲ್ಲಿ ಸ್ವಲ್ಪ ಕೊಡಬೇಕು, ಕೊಡದಿದ್ದರೆ ಲಾರಿ ಹೊರಡುವುದಿಲ್ಲ. ಹಾಗೇ ಮಾಡಿದೆ. ಆ ಮನುಷ್ಯನಿಗೂ ತಟ್ಟೆ ಬೇಕಿತ್ತು, ಒಪ್ಪಿದರು. ಬಾಕಿ ಮುಕ್ಕಾಲು ಪಾಲು ಬಂದಿದೆ, ವ್ಯಾಪಾರವೂ ಉಳಿದಿದೆ.

ಕಾನೂನಿನ ಮಾತು ವ್ಯರ್ಥವಾಗಲಿಲ್ಲ. ಬಿಲ್ಲಿನ ಕೆಳಗೆ ಉದ್ಯಮ್ ನಂಬರು, 45 ದಿನದ ಸಾಲು ಎರಡನ್ನೂ ಅಚ್ಚು ಹಾಕಿಸಿದ್ದೇನೆ. ಹೊಸಬರ ಹತ್ತಿರ ಮಾತು ಶುರು ಮಾಡೋಕೆ ಅದು ಅನುಕೂಲ. ಅರ್ಧ ಮುಂಗಡದ ನಿಯಮ ಮಾತ್ರ ನಮ್ಮ ಕೇಟರಿಂಗ್‌ನವರ ಹತ್ತಿರ ನಡೆಯಲಿಲ್ಲ, ಪಕ್ಕದ ಘಟಕದವರು ಉದ್ರಿ ಕೊಡಲು ಕಾದಿರುತ್ತಾರಲ್ಲ.

ಉಚಿತ ಮಾರ್ಗದರ್ಶನಕ್ಕೆ ಜನ ಕೊಡುವ ಬೆಲೆ ಕಮ್ಮಿ ಅಂತ ನನಗೆ ಬೇಜಾರು. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟಿ ಎಂಬ ತರಬೇತಿ ಸಂಸ್ಥೆಯ ಮಾದರಿಯೇ ಆಮೇಲೆ ಆರ್‌ಸೆಟಿ ಹೆಸರಲ್ಲಿ ದೇಶದ ಜಿಲ್ಲೆಜಿಲ್ಲೆಗೂ ಹೋಯಿತು. ಊಟ, ವಸತಿ ಸಮೇತ ಉಚಿತ ತರಬೇತಿ. ತರಬೇತಿ ಮುಗಿದ ಮೇಲೆ ಎರಡು ವರ್ಷ ನಮ್ಮ ಬೆನ್ನು ಹತ್ತುವ ವ್ಯವಸ್ಥೆಯೂ ಇದೆ. ಸಾಲ ಸಿಕ್ಕಿತಾ, ಘಟಕ ನಡೀತಿದೆಯಾ ಅಂತ ಅವರೇ ಕೇಳುತ್ತಾರೆ. ನಾನು ಮೆಷಿನ್ ಹಾಕಿದ್ದು ಪಿಎಂಇಜಿಪಿ ಸಾಲದಲ್ಲಿ, ಅಂದರೆ ಹೊಸ ಘಟಕಕ್ಕೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಯೋಜನೆಯಲ್ಲಿ. ಹಳ್ಳಿ ಭಾಗದಲ್ಲಿ ಸಾಮಾನ್ಯ ವರ್ಗಕ್ಕೆ ಯೋಜನಾ ವೆಚ್ಚದ ಶೇ. 25, ಮಹಿಳೆಯರೂ ಸೇರಿದಂತೆ ವಿಶೇಷ ವರ್ಗಕ್ಕೆ ಶೇ. 35 ಸಬ್ಸಿಡಿ. ಆದರೆ ಆ ದುಡ್ಡು ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತಿರುತ್ತದೆ, ಘಟಕ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮಾ. ಇದನ್ನು ಮುಂಚೆಯೇ ಬಿಡಿಸಿ ಹೇಳಿದವರು ಆರ್‌ಸೆಟಿಯವರೇ. ಸಬ್ಸಿಡಿ ಬಂದರೆ ಹಾಳೆ ಕೊಳ್ಳೋಣ ಅಂತ ಲೆಕ್ಕ ಹಾಕಿ ಕೈ ಖಾಲಿಯಾದವರನ್ನು ನಮ್ಮ ಕಡೆಯೇ ನೋಡಿದ್ದೇನೆ. ಇವರ ಮಿತಿ ಅಂದರೆ ಮಾರುಕಟ್ಟೆ. ಕಾಗದಪತ್ರ ಪಕ್ಕಾ, ಬೆಂಗಳೂರಿನಲ್ಲಿ ಇವತ್ತಿನ ರೇಟ್ ಎಷ್ಟು ಅಂದರೆ ಉತ್ತರ ಇಲ್ಲ. ಮಹಿಳೆಯರಿಗೆ ಇನ್ನೊಂದು ದಾರಿ ಇದೆ: ಬೆಂಗಳೂರಿನ ಅವೇಕ್ ಸಂಸ್ಥೆ. 1983ರಿಂದ ಉದ್ಯಮಿ ಮಹಿಳೆಯರೇ ಹೊಸಬರಿಗೆ ಸಲಹೆ ಕೊಡುವ ಪದ್ಧತಿ ಅಲ್ಲಿದೆ.

ವಾಟ್ಸಾಪ್ ಗುಂಪು ಮೆಷಿನ್ ರಿಪೇರಿಗೆ ಚಿನ್ನ. ಹೀಟರ್ ಸುಟ್ಟರೆ ಹತ್ತು ನಿಮಿಷದಲ್ಲಿ ಉತ್ತರ. ಅಡಿಕೆಯ ರಾಸಾಯನಿಕಗಳು ಊಟಕ್ಕೆ ಇಳಿಯಬಹುದು, ಹಾಳೆ ತಟ್ಟೆ ಬಳಸಬೇಡಿ ಅಂತ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿದ್ದು ನನಗೆ ತಲುಪಿದ್ದೂ ಈ ಗುಂಪಿನಿಂದ. ಕೋಚ್ ಹೇಳಿದ ಎಕ್ಸ್‌ಪೋರ್ಟ್ ಕನಸು ಅಲ್ಲಿಗೆ ತಣ್ಣಗಾಯಿತು. ಆದರೆ ರೇಟ್ ವಿಚಾರದಲ್ಲಿ ಗುಂಪಿನಲ್ಲಿ ಯಾರೂ ನಿಜ ಹೇಳುವುದಿಲ್ಲ. ನಾನೂ ಹೇಳುವುದಿಲ್ಲ, ಬಿಡಿ. ಮೊಬೈಲಿನ ಎಐ ಆ್ಯಪ್‌ಗಳನ್ನೂ ಕೇಳಿ ನೋಡಿದೆ. ಪತ್ರ ಬರೆಸೋಕೆ ಅಡ್ಡಿಯಿಲ್ಲ.

ಸಲಹೆ ಕೇಳುವಾಗ ನಾನು ನೋಡುವುದು, ನನ್ನ ತೀರ್ಮಾನದಿಂದ ಹೇಳುವವರಿಗೆ ಏನು ಸಿಗುತ್ತದೆ ಅಂತ. ಕೋಚ್‌ಗೆ ಮುಂದಿನ ಪ್ಯಾಕೇಜ್. ಗುಂಪಿನವರಿಗೆ ನನ್ನ ಗಿರಾಕಿ. ಸಾಹುಕಾರರಿಗೆ ಏನೂ ಇಲ್ಲ, ಪ್ಯಾಕಿಂಗ್ ಕವರನ್ನು ಅಳಿಯನ ಅಂಗಡಿಯಲ್ಲೇ ತಗೋ ಅನ್ನುವುದೊಂದು ಬಿಟ್ಟರೆ. ಹಾಗಂತ ಅವರೂ ಸುಲಭದವರಲ್ಲ. ಫೋನಿನಲ್ಲಿ ಮಾತಾಡುವುದಿಲ್ಲ, ಸಂಜೆ ಹೋಗಿ ಕೂರಬೇಕು, ಕೆಲಸದ ಮಾತಿಗೆ ಬರುವ ಮುಂಚೆ ಊರ ರಾಜಕೀಯ ಕೇಳಬೇಕು. ಸಾಲ ಅಂದರೆ ಮಾರು ದೂರ.

ಹೊಸದಾಗಿ ಶುರು ಮಾಡುವವರಾದರೆ ಮೊದಲು ಆರ್‌ಸೆಟಿಗೆ ಹೋಗಿ. ಮಳೆಗಾಲದ ಬ್ಯಾಚು ಸಿಕ್ಕರೆ ಇನ್ನೂ ಒಳ್ಳೆಯದು, ಆಗ ಹಾಳೆ ಕೆಲಸ ಇರುವುದಿಲ್ಲ. ಒಂದು ವರ್ಷ ವ್ಯಾಪಾರ ಮಾಡಿ, ಬಾಕಿ ಪುಟ ತುಂಬಿದ ಮೇಲೆ ಊರಲ್ಲಿ ಇಂಥ ಸಾಹುಕಾರರನ್ನು ಹುಡುಕಿ. ಕೋಚ್ ಬೇಕೇ ಬೇಕೆಂದರೆ ಪ್ಯಾಕೇಜ್ ಬೇಡ, ಖರ್ಚಿನ ಲೆಕ್ಕ ಹಾಕಿಸೋಕೆ ಒಂದೆರಡು ಕಾಲ್‌ಗೆ ಮಾತ್ರ ಒಪ್ಪಿಸಿ.

ನನ್ನಲ್ಲಿ ಈಗ ಬಟ್ಟಲು ಜಾಸ್ತಿ ಒತ್ತುವ ಮಾತು ನಡೆದಿದೆ. ಮಾರ್ಗದರ್ಶಕರು ಎರಡನೇ ಸಾಲಕ್ಕೆ ಅರ್ಜಿ ಹಾಕಿ, ಹೊಸ ಮೆಷಿನ್ ತನ್ನಿ ಅನ್ನುತ್ತಾರೆ. ಸಾಹುಕಾರರು ಇರುವ ಮೆಷಿನ್ನಿಗೇ ಕೈಯ ದುಡ್ಡಲ್ಲಿ ಅಚ್ಚು ಬದಲಿಸು ಅನ್ನುತ್ತಾರೆ. ಬೆಂಗಳೂರಿನ ಆ ಬಾಕಿಯಲ್ಲಿ ಕಾಲು ಪಾಲು ಇನ್ನೂ ಬರಬೇಕಲ್ಲ, ಅದಕ್ಕೇ ಈ ಸಲ ಅಚ್ಚಿಗೆ ಮಾತ್ರ ಆರ್ಡರ್ ಕೊಟ್ಟಿದ್ದೇನೆ. ಜನವರಿಯ ಹಾಳೆಗೆ ಅದು ಬಂದರೆ ಸಾಕು.