ಏರು ಹತ್ತಲು ಯಾವುದು: ಒಂಟಿ ಗೇರು, 34 ಹಲ್ಲಿನ ಫ್ರೀವೀಲ್, ಇಲ್ಲಾ ಮೋಟರ್?

ಮಂಗಳೂರಿನ ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ದಿನಾ ಹತ್ತುವವರಿಗೆ ಫ್ರೇಮಿನ ಮೇಲಿನ ‘21 ಗೇರ್’ ಸ್ಟಿಕರ್‌ನಿಂದ ಏನೂ ಪ್ರಯೋಜನವಿಲ್ಲ. ತೀರಾ ಹಗುರದ ಗೇರಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಎಷ್ಟು ದೂರ ಹೋಗುತ್ತದೆ ಎಂಬುದನ್ನು ನೋಡಬೇಕು. ಅದು ಕಡಿಮೆಯಾದಷ್ಟೂ ಮಂಡಿಗೆ ಸುಖ. ಕೆಳಗಿನ ಲೆಕ್ಕವೆಲ್ಲ ಸವಾರ, ಸೈಕಲ್, ಬ್ಯಾಗು ಸೇರಿ 85 ಕೆ.ಜಿ.ಗೆ, 100 ಮೀಟರಿಗೆ 8 ಮೀಟರ್ ಏರುವ ರಸ್ತೆಗೆ.

ಹಳೇ ಕಪ್ಪು ಸೈಕಲ್: ಪೆಡಲ್ ಬಳಿಯ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಗಾಲಿಯದ್ದಕ್ಕೆ 18. ಒಂದು ಸುತ್ತಿಗೆ ಸುಮಾರು 5.4 ಮೀಟರ್. ನಿಮಿಷಕ್ಕೆ 40 ಸುತ್ತು ತುಳಿದರೂ 260 ವ್ಯಾಟ್ ಬೇಕು. ಕಚೇರಿಗೆ ಹೊರಟವರು ಹಾಕುವ ಬಲವಲ್ಲ ಅದು. ಹಿಂದೆ 22 ಹಲ್ಲಿನ ಫ್ರೀವೀಲ್ (ಹಿಂದಿನ ಗಾಲಿಯ ಹಲ್ಲುಚಕ್ರ) ಹಾಕಿಸಿದರೆ 4.4 ಮೀಟರಿಗೆ ಇಳಿಯುತ್ತದೆ. ಫ್ಲೈಓವರ್‌ಗೆ ಸಾಕು, ಗುಡ್ಡಕ್ಕೆ ಸಾಲದು. ಇಳಿದು ತಳ್ಳುವುದೇ ಮೇಲು, ಅದರಲ್ಲಿ ನಾಚಿಕೆಯೇನೂ ಇಲ್ಲ.

ಗೇರ್ ಸೈಕಲ್: ಮುಂದೆ 48-38-28 ಹಲ್ಲಿನ ಮೂರು ಚಕ್ರ, ಹಿಂದೆ 14ರಿಂದ 28 ಹಲ್ಲಿನವರೆಗಿನ ಏಳು ಚಕ್ರ ಇರುವ ಹೈಬ್ರಿಡ್‌ನಲ್ಲಿ (ರಸ್ತೆಗೂ ಒರಟು ದಾರಿಗೂ ಆಗುವ ಸೈಕಲ್) 28ಕ್ಕೆ 28 ಹಾಕಿದರೆ ಒಂದು ಸುತ್ತಿಗೆ 2.2 ಮೀಟರ್. ಹಿಂದಿನದನ್ನು 14-34ಕ್ಕೆ ಬದಲಿಸಿದರೆ 1.8 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದಾಗ 160 ವ್ಯಾಟ್ ಬೇಕಿದ್ದದ್ದು 130ಕ್ಕೆ ಬರುತ್ತದೆ. ವೇಗ ಗಂಟೆಗೆ ಆರೂವರೆ ಕಿ.ಮೀ. ಮಾತ್ರ, ಆದರೆ ಕೂತೇ ಹತ್ತಬಹುದು.

ಈ ಬದಲಾವಣೆಯಲ್ಲಿ ಎಡವಟ್ಟಾಗುವುದು ಚೈನಿನ ಉದ್ದದಲ್ಲಿ. ಹಳೆಯ ಅಳತೆಯದ್ದನ್ನೇ ಬಿಟ್ಟು, ಎಲ್ಲೋ ಮೈಮರೆತು ಮುಂದೆ 48, ಹಿಂದೆ 34ಕ್ಕೆ ಹಾಕಿದರೆ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಮುರಿದು ಸ್ಪೋಕಿನೊಳಗೆ ಸಿಕ್ಕಿಕೊಳ್ಳಬಹುದು. ಡಿರೇಲರ್‌ಗೆ ಹಾಕದೆ, ಎರಡೂ ದೊಡ್ಡ ಚಕ್ರಗಳ ಮೇಲೆ ನೇರ ಸುತ್ತಿ ಬಿಗಿಹಿಡಿದು, ಅದಕ್ಕೆ ಎರಡು ಕೊಂಡಿ ಸೇರಿಸಿ ಚೈನ್ ಕತ್ತರಿಸಬೇಕು. ಡಿರೇಲರ್ ಕೂಡ 34 ಹಲ್ಲು ತಾಳುವ ಉದ್ದ ಕಾಲಿನದ್ದೇ (ಪುಟ್ಟ ಚಕ್ರಗಳನ್ನು ಹಿಡಿದ ತೋಳು ಉದ್ದವಿರುವಂಥದ್ದು) ಇರಬೇಕು. ಡಿರೇಲರ್‌ನ ಮೇಲಿನ ಪುಟ್ಟ ಚಕ್ರ 34ಕ್ಕೆ ಉಜ್ಜಿ ಗರಗರ ಎಂದರೆ ಬಿ-ಸ್ಕ್ರೂ (ಈ ಅಂತರ ಹೊಂದಿಸುವ, ಡಿರೇಲರ್ ಹಿಂಬದಿಯ ಸಣ್ಣ ತಿರುಪು) ಬಿಗಿ ಮಾಡಿ ಐದಾರು ಮಿಲಿಮೀಟರ್ ಅಂತರ ಕೊಡಿ. ಹೊಸ ಫ್ರೀವೀಲ್ ತಿರುಗಿಸಿ ಕೂರಿಸುವಾಗ ಅದು ಕೂರುವ ಥ್ರೆಡ್‌ಗೆ ಗ್ರೀಸ್ ಹಚ್ಚದಿದ್ದರೆ ಮುಂದೆ ಬಿಚ್ಚುವವರ ಶಾಪ ತಟ್ಟುತ್ತದೆ. ಇನ್ನೊಂದು ತೊಡಕು: ಏಳು ಚಕ್ರದ 14-34ರಲ್ಲಿ ಸಾಮಾನ್ಯವಾಗಿ 24 ಆದಮೇಲೆ ನೇರ 34. ಏರಿನ ಮಧ್ಯೆ, ಬಲ ಹಾಕಿ ತುಳಿಯುತ್ತಾ ಬದಲಿಸಿದರೆ ಚೈನ್ ಕಟಕ್ಕೆಂದು ಜಾರುತ್ತದೆ. ಏರು ಶುರುವಾಗುವ ಮೊದಲೇ ಹಾಕಿಕೊಳ್ಳಿ.

ಹಬ್ ಮೋಟರ್ (ಹಿಂದಿನ ಗಾಲಿಯ ನಡುವೆ ಕೂರುವಂಥದ್ದು): 250 ವ್ಯಾಟ್, ಗಂಟೆಗೆ 25 ಕಿ.ಮೀ. ಮಿತಿಯೊಳಗಿದ್ದರೆ ನೋಂದಣಿ ಬೇಡ. ಸಣ್ಣ ಏರಿಗೆ ಇದರಷ್ಟು ಆರಾಮ ಬೇರೆ ಇಲ್ಲ. ಆದರೆ ಮೋಟರಿನ ವೇಗ ಚಕ್ರದ ವೇಗಕ್ಕೇ ಕಟ್ಟಿಕೊಂಡಿರುತ್ತದೆ, ಸೈಕಲ್ಲಿನ ಗೇರು ಬದಲಿಸಿದರೂ ಅದಕ್ಕೆ ನೆರವಾಗದು. ಕಡಿದಾದ, ಉದ್ದದ ಏರಿನಲ್ಲಿ ವೇಗ ಎಂಟು ಹತ್ತಕ್ಕೆ ಇಳಿದರೆ ಕರೆಂಟಿನ ದೊಡ್ಡ ಪಾಲು ಶಾಖವಾಗಿ ಹೋಗುತ್ತದೆ. ಒಳಗಿನ ನೈಲಾನ್ ಗೇರು ಸವೆಯುತ್ತದೆ. ಕೈಕೊಡುವುದು ಬೇಕಾದ ಜಾಗದಲ್ಲೇ. ಹಾಗಾಗಿ ಮೋಟರ್ ಇದ್ದರೂ ಹಗುರದ ಗೇರು ಹಾಕಿ ತುಳಿಯುತ್ತಾ ಹೋಗಬೇಕು. ಹಿಂದಿನ ಚಕ್ರ ಪಂಕ್ಚರ್ ಆದರೆ ವೈರ್ ಕನೆಕ್ಟರ್ ಬಿಚ್ಚಬೇಕು, ನಟ್‌ಗೆ ಸಾಮಾನ್ಯವಾಗಿ 18ರ ಸ್ಪ್ಯಾನರ್ ಬೇಕು. ಅದು ಬ್ಯಾಗಿನಲ್ಲಿರಲಿ.

ಪೆಡಲ್ ಬುಡದ ಮೋಟರ್ ಗೇರುಗಳ ಮೂಲಕವೇ ಬಲ ಕೊಡುವುದರಿಂದ ಏರಿಗೆ ಅದೇ ರಾಜ. ಬೆಲೆಯೂ ಹಾಗೇ; ಚೈನೂ ಬೇಗ ಸವೆಯುತ್ತದೆ.

ಹಣ ಲೆಕ್ಕ ಹಾಕುವವರು ಮೊದಲು 34 ಹಾಕಿಸಿ ಒಂದು ತಿಂಗಳು ತುಳಿಯಲಿ. ಸಾಲದಿದ್ದರೆ ಮೋಟರ್. ಮೋಟರ್ ಸೈಕಲ್ 22-25 ಕೆ.ಜಿ. ತೂಗುತ್ತದೆ, ಮಳೆಗಾಲದಲ್ಲಿ ಆ ಭಾರದ ಸೈಕಲ್ಲಿನಲ್ಲಿ ಗುಡ್ಡ ಇಳಿಯುವುದೂ ಇರುತ್ತದೆ. ಒದ್ದೆ ರಿಮ್ಮಿನ ಮೇಲೆ ಬ್ರೇಕ್ ರಬ್ಬರ್ ನೀರು ಒರೆಸಿ ಹಿಡಿಯುವಷ್ಟರಲ್ಲಿ ಚಕ್ರ ಕೆಲವು ಸುತ್ತು ಹೋಗಿರುತ್ತದೆ. ಇಳಿಯಲು ಶುರುಮಾಡುವಾಗಲೇ ಒಮ್ಮೆ ಮೆಲ್ಲಗೆ ಹಿಡಿದು ರಿಮ್ ಒಣಗಿಸಿಕೊಳ್ಳಿ. ರಬ್ಬರಿಗೆ ಕಚ್ಚಿಕೊಂಡ ಮರಳನ್ನು ವಾರಕ್ಕೊಮ್ಮೆ ಸೂಜಿಯಿಂದ ಕೆರೆದು ತೆಗೆಯಿರಿ.