ಸ್ಕಾರ್ಲೆಟ್ 2ಐ2: ಹಾಡಿಗೊಂದು ಮೈಕ್, ಪೆಟ್ಟಿಗೆಗೊಂದು

ವಿಜಯಪುರದ ಕಡೆ ಮನೆಯಲ್ಲೇ ತತ್ವಪದ ರೆಕಾರ್ಡ್ ಮಾಡುವವರಿಗೆ ಫೋಕಸ್‌ರೈಟ್ ಕಂಪನಿಯ ಮೂರನೇ ಪೀಳಿಗೆಯ ಸ್ಕಾರ್ಲೆಟ್ 2ಐ2 ಆಡಿಯೋ ಇಂಟರ್‌ಫೇಸ್ (ಮೈಕಿನ ದನಿಯನ್ನು ಕಂಪ್ಯೂಟರ್‌ಗೆ ಕಳಿಸುವ ಸಾಧನ) ಹದವಾದ ಆಯ್ಕೆ: ಒಂದು ಮೈಕ್ ಹಾಡಿಗೆ, ಇನ್ನೊಂದು ಹಾರ್ಮೋನಿಯಂಗೆ. ತಬಲಾಕ್ಕೂ ಬೇರೆ ಟ್ರ್ಯಾಕ್ ಬೇಕೆಂದರೆ ಇದು ಸಾಲದು.

ಹೊರಗಿನಿಂದ ವಿದ್ಯುತ್ ಬೇಡುವ ಕಂಡೆನ್ಸರ್ ಮೈಕ್‌ಗೆ 48 ವೋಲ್ಟ್ ಗುಂಡಿ ಒತ್ತಬೇಕು; ಆ ವಿದ್ಯುತ್ ಎರಡೂ ಮೈಕ್‌ಗೆ ಒಟ್ಟಿಗೇ ಹೋಗುತ್ತದೆ. ಗೇನ್ (ಮೈಕಿನ ದನಿ ಏರಿಸುವ) ತಿರುಪಿನ ಸುತ್ತಲಿನ ಬೆಳಕು ಕೆಂಪಾಯಿತೋ, ದನಿ ಒಡೆಯಿತು. ಆಮೇಲೆ ಏನು ಮಾಡಿದರೂ ಸರಿಹೋಗದು. ಏರುದನಿಯಲ್ಲೂ ಹಸಿರಿರಲಿ. ಗರಿಷ್ಠ ಗೇನ್ 56 ಡೆಸಿಬಲ್. ಶೂರ್ ಎಸ್‌ಎಂ58ನಂಥ, ಈ ವಿದ್ಯುತ್ ಬೇಡದ ಡೈನಾಮಿಕ್ ಮೈಕ್‌ನಲ್ಲಿ ಮೆಲ್ಲಗೆ ಹಾಡುವವರಿಗೆ ಇದು ಕಷ್ಟದಿಂದ ಸಾಕಾದೀತು, ಮೈಕನ್ನು ನಾಲ್ಕು ಬೆರಳ ಹತ್ತಿರಕ್ಕೆ ತನ್ನಿ.

ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಬಫರ್ (ಕಂಪ್ಯೂಟರ್ ಒಮ್ಮೆಗೆ ತೆಗೆದುಕೊಳ್ಳುವ ದನಿಯ ತುಣುಕು; ಚಿಕ್ಕದಾದಷ್ಟೂ ದನಿ ತಡವಾಗದು) ಹಾಡುವಾಗ 128 ಸ್ಯಾಂಪಲ್, ಮಿಕ್ಸಿಂಗ್‌ಗೆ 1024. ದನಿ ಎರಡೆರಡು ಸಲ ಕೇಳಿದರೆ ಮೈಕಿನ ದನಿಯನ್ನು ನೇರ ಹೆಡ್‌ಫೋನ್‌ಗೆ ಕೊಡುವ ಡೈರೆಕ್ಟ್ ಮಾನಿಟರ್ ಹಾಕಿ, ಸಾಫ್ಟ್‌ವೇರ್‌ನ ಮಾನಿಟರಿಂಗ್ ನಿಲ್ಲಿಸಿ. ಗುಂಯ್ ಎನ್ನುತ್ತಿದೆಯೇ? ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಿಂತರೆ ಮೊದಲು ಮನೆಯ ಅರ್ಥಿಂಗ್ ನೋಡಿಸಿ.