ಹಾಸನದಲ್ಲಿ ಇಂಗ್ಲಿಷ್ ರಿಪೋರ್ಟ್ ತಿದ್ದಿಸ್ಬೇಕಾ? ಮೆಟ್ಲು ಹತ್ತೋಕಾದ್ರೆ ಇಲ್ಲಿಗೆ ಹೋಗಿ

ಆರ್.ಸಿ. ರೋಡಲ್ಲಿ ಜೆರಾಕ್ಸ್ ಅಂಗಡಿ ಮೇಲ್ಗಡೆ ರಿಟೈರ್ಡ್ ಲೆಕ್ಚರರ್ ಮೇಡಂ ಒಬ್ರು ಇಂಗ್ಲಿಷ್ ರಿಪೋರ್ಟು, ಪ್ರಪೋಸಲ್ಲು ತಿದ್ದಿಕೊಡ್ತಾರೆ, ಬೋರ್ಡ್ ಗೀರ್ಡ್ ಏನಿಲ್ಲ, ಕೆಳಗಡೆ ಕೇಳಿದ್ರೆ ಮೇಲಕ್ಕೆ ಕಳಿಸ್ತಾರೆ. ನಮ್ದು ವಿಕಲಚೇತನರ ಜೊತೆ ಕೆಲ್ಸ ಮಾಡೋ ಸಣ್ಣ ಟ್ರಸ್ಟು, ಫಂಡ್ ಬೇಕಂದ್ರೆ ಇಂಗ್ಲಿಷಲ್ಲೇ ಬರ್ದು ಕಳಿಸ್ಬೇಕು. ಬೆಂಗಳೂರಿನ ಕನ್ಸಲ್ಟೆಂಟ್ ಒಬ್ರು ಬರ್ಕೊಟ್ಟಿದ್ದ ಡ್ರಾಫ್ಟ್ ಕೈಲಿತ್ತು, ಓದೋಕೆ ಭಾರಿ ಗತ್ತು, ಏನ್ ಹೇಳ್ತಿದೆ ಅಂತ ಮಾತ್ರ ದೇವ್ರಿಗೇ ಗೊತ್ತು.

ಮೇಡಂ ಗ್ರಾಮರ್ ನೋಡೋದು ಕೊನೇಗೆ. ಮೊದ್ಲು ಅಂಕಿ ಇರೋ ಕಡೆಗೆಲ್ಲ ಪೆನ್ಸಿಲ್ಲಲ್ಲಿ ಸುತ್ತು ಹಾಕ್ಕೊಂಡು ಹೋಗ್ತಾರೆ, ಎಷ್ಟು ಜನದಲ್ಲಿ ಇಷ್ಟು, ಎಣಿಸ್ದೋರು ಯಾರು, ಯಾವ ವರ್ಷ ಅಂತ ಕೇಳ್ತಾನೇ ಇರ್ತಾರೆ, ಉತ್ರ ಇಲ್ದಿದ್ರೆ ಆ ಸಾಲು ಹೊಡ್ದೇ ಹಾಕ್ತಾರೆ. ನಮ್ ಡ್ರಾಫ್ಟಿನ ಮೊದಲ್ನೇ ವಾಕ್ಯ ‘ಎ ಲಾರ್ಜ್ ಸೆಕ್ಷನ್ ಆಫ್ ದ ಪಾಪ್ಯುಲೇಷನ್ ಈಸ್ ಸಫರಿಂಗ್ ಫ್ರಮ್ ಹೈ ಪ್ರಿವಲೆನ್ಸ್ ಆಫ್ ಡಿಸಬಿಲಿಟಿ’ ಅಂತಿತ್ತು. "ಪ್ರಿವಲೆನ್ಸ್ ಬಂದು ಯಾರೂ ನರಳಲ್ಲ ಕಣಪ್ಪ" ಅಂದ್ರು. ಪ್ರಿವಲೆನ್ಸ್ ಅಂದ್ರೆ ಎಷ್ಟು ಜನದಲ್ಲಿ ಎಷ್ಟು ಜನಕ್ಕಿದೆ ಅನ್ನೋ ಲೆಕ್ಕ ಅಷ್ಟೇ. ಆ ವಾಕ್ಯ ಹೋಗಿ ‘ದ 2011 ಸೆನ್ಸಸ್ ಕೌಂಟೆಡ್ 26.8 ಮಿಲಿಯನ್ ಪೀಪಲ್ ವಿತ್ ಡಿಸಬಿಲಿಟೀಸ್ ಇನ್ ಇಂಡಿಯಾ, ಅಬೌಟ್ 2 ಇನ್ ಎವೆರಿ 100’ ಅಂತಾಯ್ತು. 2.68 ಕೋಟಿ ಅಂತ ಬರ್ದಿದ್ರೆ ಹೊರದೇಶದೋರಿಗೆ ತಲೆಬುಡ ಅರ್ಥ ಆಗ್ತಿರ್ಲಿಲ್ಲ, ಅದಕ್ಕೇ ಮಿಲಿಯನ್.

ಅದರ ಪಕ್ಕದಲ್ಲೇ ಕನ್ಸಲ್ಟೆಂಟ್ ಸಾಹೇಬ್ರು ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) 2022ರ ವರದಿದು ‘ಒನ್ ಇನ್ ಸಿಕ್ಸ್’ ತಂದು ಅಂಟಿಸಿದ್ರು. ಒಂದ್ ಕಡೆ ಆರರಲ್ಲಿ ಒಬ್ರು, ಇನ್ನೊಂದ್ ಕಡೆ ಸೆನ್ಸಸ್‌ನ 2.21 ಪರ್ಸೆಂಟ್, ಓದೋರು ಏನಂತ ಹೋಲಿಸ್ಬೇಕು? ಮೇಡಂ ಎರಡನ್ನೂ ನೂರರ ಲೆಕ್ಕಕ್ಕೆ ತಂದ್ರು, ಪ್ರಪಂಚದಲ್ಲಿ 16, ನಮ್ ಸೆನ್ಸಸ್‌ನಲ್ಲಿ 2. ಇಷ್ಟೊಂದು ವ್ಯತ್ಯಾಸ ಇರೋದು ನಮ್ಮೋರು ಗಟ್ಟಿಮುಟ್ಟಾಗಿರೋದಕ್ಕಲ್ಲ, ಸೆನ್ಸಸ್‌ನೋರು ವೈಕಲ್ಯದ ಎಂಟು ಬಗೆ ಇಟ್ಕೊಂಡು ಮನೆಮನೇಲಿ ಕೇಳಿದ್ದು, ಡಬ್ಲ್ಯುಎಚ್‌ಒದು ಕಾಯಿಲೆ, ವಯಸ್ಸಿಂದ ಬರೋ ತೊಂದ್ರೇನೂ ಸೇರಿಸಿದ ಅಂದಾಜು, ಅದನ್ನ ಒಂದೇ ಸಾಲಲ್ಲಿ ಕೆಳಗೆ ಸೇರಿಸಿದ್ರು. ವಿಕಲಚೇತನರ ಕಾನೂನಲ್ಲೇ 1995ರಲ್ಲಿ 7 ಬಗೆ ಇದ್ದಿದ್ದು 2016ರಲ್ಲಿ 21 ಆಗಿದೆ, ಹಂಗಾಗಿ ಯಾವ ಪಟ್ಟಿ ಅಂತ ಹೇಳ್ದೆ ನಂಬರ್ ಕೊಟ್ರೆ ಪ್ರಯೋಜನ ಇಲ್ಲ.

ನಂಗೆ ಜಾಸ್ತಿ ಹಿಡಿಸಿದ್ದು ಸಕಲೇಶಪುರದ ಪುಟ. ಕಾಫಿ ತೋಟದ ಕೆಲ್ಸದೋರಿಗೆ ಸೊಂಟನೋವಿನ ಕ್ಯಾಂಪ್ ಮಾಡಿದ್ವಿ, ಬಂದೋರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ನೋವಿತ್ತು, ಡ್ರಾಫ್ಟಲ್ಲಿ ಅದು ‘ತಾಲ್ಲೂಕಿನ ಅರ್ಧ ಕಾರ್ಮಿಕರು ಡಿಸೇಬಲ್ಡ್’ ಅಂತಾಗಿತ್ತು! ನೋವಿರೋರೇ ತಾನೆ ಸೊಂಟನೋವಿನ ಕ್ಯಾಂಪಿಗೆ ಬರೋದು. ಈಗ ‘ಅಮಂಗ್ ದ ಪೀಪಲ್ ಹೂ ಕೇಮ್ ಟು ಅವರ್ ಕ್ಯಾಂಪ್’ ಅಂತ ಶುರುವಾಗುತ್ತೆ, ಎಷ್ಟು ಜನಕ್ಕೆ ನೋವು, ಅದ್ರಲ್ಲಿ ಎಷ್ಟು ಜನಕ್ಕೆ ಕೆಲ್ಸಕ್ಕೇ ಹೋಗೋಕಾಗ್ತಿಲ್ಲ ಅನ್ನೋದು ಬೇರೆ ಬೇರೆ ವಾಕ್ಯ. ಸೊಂಟನೋವು ಯಾರಿಗಿಲ್ಲ ಹೇಳಿ, ಕೆಲ್ಸ ಬಿಡಿಸೋ ನೋವೇ ಬೇರೆ.

‘ವೀಲ್‌ಚೇರ್ ಬೌಂಡ್’, ‘ವಿಕ್ಟಿಮ್’ ಅಂತ ಅಯ್ಯೋ ಪಾಪ ಅನ್ಸೋ ಪದ ಎಲ್ಲಾ ಔಟ್. ಆದ್ರೆ ‘ಡಿಸೇಬ್ಲಿಂಗ್ ಹಿಯರಿಂಗ್ ಲಾಸ್’ (ವೈಕಲ್ಯ ಅನ್ನೋ ಮಟ್ಟದ ಕಿವುಡು) ಹಂಗೇ ಬಿಟ್ರು, ಅದಕ್ಕೆ ಅಳತೆ ಇದ್ಯಂತೆ, ಚೆನ್ನಾಗಿ ಕೇಳೋ ಕಿವೀಲೇ 35 ಡೆಸಿಬಲ್‌ಗಿಂತ ಜಾಸ್ತಿ ನಷ್ಟ ಆಗಿರ್ಬೇಕು.

ಮೈನಸ್ಸೂ ಇದೆ. ಲಿಫ್ಟ್ ಇಲ್ಲ, ಮೆಟ್ಲು ಕಡಿದು, ನಮ್ಮಲ್ಲಿ ಊರುಗೋಲು ಹಿಡ್ಕೊಂಡು ಓಡಾಡೋ ಸಹೋದ್ಯೋಗಿ ಕೆಳಗೇ ಕೂತಿರ್ಬೇಕಾಯ್ತು, ಮೇಡಂ ಇಳಿದು ಬಂದು ಜೆರಾಕ್ಸ್ ಮಿಷನ್ ಪಕ್ಕ ಸ್ಟೂಲ್ ಹಾಕ್ಕೊಂಡು ಮಾತಾಡಿದ್ರು ಅನ್ನೋದು ದೊಡ್ಡತನಾನೇ, ಆದ್ರೂ ಇಂಥ ಕೆಲ್ಸ ಮಾಡೋ ಜಾಗಕ್ಕೆ ಇದು ಸರಿಯಲ್ಲ. ಮೇಲ್ ಮಾಡಿದ್ರೆ ನೋಡಲ್ಲ, ಪ್ರಿಂಟೇ ಬೇಕು. ಅರ್ಜೆಂಟ್ ಅಂದ್ರೆ ಬೈತಾರೆ. ಹತ್ತು ಪುಟ ಕೊಟ್ರೆ ಆರಾಗಿ ವಾಪಸ್ ಬರುತ್ತೆ, ರೇಟು ಮಾತ್ರ ಹತ್ತು ಪುಟಕ್ಕೇ.

ಐದಕ್ಕೆ ನಾಲ್ಕು ಸ್ಟಾರ್. ಹಾಸನಾಂಬೆ ಬಾಗಿಲು ತೆಗೆಯೋ ಟೈಮಲ್ಲಿ ಮಾತ್ರ ಡೆಡ್‌ಲೈನ್ ಇಟ್ಕೋಬೇಡಿ, ಟ್ರಾಫಿಕ್ ಒಂದ್ ಕಡೆ, ಮನೆ ತುಂಬ ನೆಂಟ್ರು ಅಂತ ಮೇಡಂ ರಜಾ ಹಾಕ್ಬಿಡ್ತಾರೆ.